ಆನೆಗುಂದಿಗೆ ಅರ್ಧ ಗಂಟೆ ಸಾಕಂತೆ!

ಗಂಗಾವತಿಗೆ ಬರುವ ನೆಂಟರದ್ದು ಒಂದೇ ರಾಗ. ಬೆಳಿಗ್ಗೆ ಅಂಜನಾದ್ರಿ, ಆಮೇಲೆ ಸೀದಾ ಹಂಪಿ. ನಡುವೆ ಆನೆಗುಂದಿ ಇದೆ, ವಿಜಯನಗರದವರ ಮೊದಲ ರಾಜಧಾನಿ ಅದೇ ಎಂದರೆ, "ಸರಿ ಬಿಡಪ್ಪ, ಕಾರಿನಿಂದಲೇ ನೋಡೋಣ" ಎನ್ನುತ್ತಾರೆ. ಕಾರಿನಿಂದ ಏನು ಮಣ್ಣು ಕಾಣುತ್ತದೆ? ಗಗನ ಮಹಲ್, ರಂಗನಾಥನ ಗುಡಿ, ಹುಚ್ಚಪ್ಪಯ್ಯನ ಮಠದ ಕಪ್ಪು ಕಲ್ಲಿನ ಕಂಬಗಳು, ಎಲ್ಲವನ್ನೂ ನಡೆದೇ ನೋಡಬೇಕು. ಒಂಬತ್ತು ಮಾಧ್ವ ಯತಿಗಳ ಸಮಾಧಿಗಳಿರುವ ನವಬೃಂದಾವನ ಇರುವುದು ತುಂಗಭದ್ರೆಯ ನಡುಗಡ್ಡೆಯಲ್ಲಿ, ದೋಣಿ ಹತ್ತದೆ ವಿಧಿಯಿಲ್ಲ. ಬಿಸಿಲಲ್ಲಿ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಿ ಸೆಲ್ಫಿ ತೆಗೆಯಲು ಇವರಿಗೆ ಪುರುಸೊತ್ತಿದೆ (ಅದೂ ಹನುಮಪ್ಪನಿಗೆ ಬೆನ್ನು ಹಾಕಿ!). ಊರೊಳಗೆ ನಾಲ್ಕು ಹೆಜ್ಜೆ ಹಾಕಲು ಮಾತ್ರ ಕಾಲು ನೋವು. ಸಂಜೆ ನೋಡಿದರೆ, "ಆನೆಗುಂದಿ ಮುಗಿಸಿದೆವು" ಎಂದು ಸ್ಟೇಟಸ್ ಬೇರೆ!