17 ಗಂಟೆಯಂತೆ, ಅಷ್ಟೇ ಅಂತೆ!

ನಿನ್ನೆ ಚಿಕ್ಕಮಗಳೂರಿನಲ್ಲಿ ಮದುವೆ ಊಟ. ಪಕ್ಕದ ಎಲೆಗೆ ಕುಳಿತಿದ್ದ ತಮ್ಮನ ಮಗ ಹೋಳಿಗೆ ಮುರಿಯುತ್ತಲೇ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14 ಸಾವಿರ ಕಿಲೋಮೀಟರ್, 17 ಗಂಟೆ. "ಅಷ್ಟೇ ದೊಡ್ಡಪ್ಪ. ಅಕ್ಕನ ಮನೆಗೆ ಹೋಗಿ ಬರುವುದಕ್ಕೆ ನಿಮಗೇನು ಕಷ್ಟ?"

ಮಗಳು ಹೋಗಿ ಎಂಟು ವರ್ಷವಾಯಿತು. ಈ "ಅಷ್ಟೇ"ಯನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ನಿಮಗೆಲ್ಲ ಗೊತ್ತಿದೆ.

ಆ ಲೆಕ್ಕ ಹೇಗೆಂದು ನೋಡಿ. ಭೂಗೋಳದ ಗೋಲದ ಮೇಲೆ ಎರಡು ವಿಮಾನ ನಿಲ್ದಾಣಗಳ ನಡುವೆ ದಾರ ಬಿಗಿದರೆ ಅದು ಚೀನಾ, ಸೈಬೀರಿಯಾ ದಾಟಿ ಅಲಾಸ್ಕಾದ ಕಡೆಗೆ ಬಾಗುತ್ತದೆ. ಆ ದಾರದ ಉದ್ದವೇ 14 ಸಾವಿರ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ, ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂದದ್ದು ಸುಮಾರು 17 ಗಂಟೆಗಳಲ್ಲಿಯೇ. ಅವರಿಗೆ ನನ್ನ ನಮಸ್ಕಾರ. ನನ್ನ ಮಗಳು ಕೂರುವ ವಿಮಾನ ದಾರದ ಮೇಲೆ ಹೋಗುವುದಿಲ್ಲವಲ್ಲ! ಫ್ರಾಂಕ್‌ಫರ್ಟ್ ಸುತ್ತಿ ಹೋದರೆ 16 ಸಾವಿರ ಕಿಲೋಮೀಟರ್ ದಾಟುತ್ತದೆ.

ಅದೂ ಹೋಗಲಿ. ವಿಮಾನ ನಿಲ್ದಾಣದೊಳಗೆ ಯಾರ ಮನೆ ಇದೆ? ಮೂಡಿಗೆರೆಯಿಂದ ಬೇಲೂರು, ಹಾಸನ, ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ. ಅಲ್ಲಿಂದ ದೊಡ್ಡಬಳ್ಳಾಪುರ ಹಿಡಿದು ದೇವನಹಳ್ಳಿ. ಕಳೆದ ಸಲ ಮಗಳನ್ನು ಬಿಡಲು ಸಂಜೆ ನಾಲ್ಕಕ್ಕೆ ಹೊರಟವರು ತಲುಪಿದ್ದು ರಾತ್ರಿ ಹನ್ನೊಂದಕ್ಕೆ. ವಿಮಾನ ಬೆಳಗಿನ ಜಾವ ಮೂರಕ್ಕೆ. ಫ್ರಾಂಕ್‌ಫರ್ಟಿನಲ್ಲಿ ಐದು ಗಂಟೆ ಕಾಯುವುದು ಬೇರೆ. "ಮನೆ ಸೇರಿದೆ ಅಪ್ಪ" ಎಂಬ ಸಂದೇಶ ಬರುವ ಹೊತ್ತಿಗೆ ನಾನು ಊರಿಗೆ ಮರಳಿ, ಒಂದು ರಾತ್ರಿ ನಿದ್ದೆ ಮಾಡಿ ಎದ್ದು, ಕಣದಲ್ಲಿ ಕಾಫಿ ಹರಡಿಸುತ್ತಿದ್ದೆ. ಮನೆಯಿಂದ ಮನೆಗೆ 39 ಗಂಟೆ. ಇದನ್ನು ಯಾವ ಮೊಬೈಲೂ ತೋರಿಸುವುದಿಲ್ಲ.

ಶಿವಮೊಗ್ಗದ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವಿದೆಯಲ್ಲ ಎನ್ನುತ್ತೀರಿ. ಇದೆ, ಸಂತೋಷ. ಅಲ್ಲಿ ಹತ್ತಿದರೂ ಬೇರೊಂದು ದೊಡ್ಡ ನಿಲ್ದಾಣದಲ್ಲಿ ಇಳಿದೇ ಅಮೆರಿಕಕ್ಕೆ ಹೋಗಬೇಕು. ಹಿಂದೆ ಪತ್ರ ಬರಲಿಕ್ಕೇ ವಾರಗಟ್ಟಲೆ ಬೇಕಿತ್ತು ಎಂದೂ ಹೇಳುತ್ತೀರಿ. ಬೇಕಿತ್ತು. ಆದರೆ ಆಗ ಎಲ್ಲರೂ ಅಮೆರಿಕ ದೂರ ಎಂದು ಮರ್ಯಾದೆಯಿಂದ ಒಪ್ಪಿಕೊಳ್ಳುತ್ತಿದ್ದರು. ಹೋಗದಿದ್ದವನನ್ನು ಯಾರೂ ಕಟಕಟೆಗೆ ಹತ್ತಿಸುತ್ತಿರಲಿಲ್ಲ.

ಆ ಹುಡುಗನ ಮೇಲೆ ಇಷ್ಟೇಕೆ ರೇಗಿದೆ ಎಂದು ಹೆಂಡತಿ ದಾರಿಯುದ್ದಕ್ಕೂ ಕೇಳಿದಳು. ಅವಳು ಒಬ್ಬಳೇ ಎರಡು ಸಲ ಹೋಗಿ ಬಂದವಳು. ಅವಳಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ನಾನು ಜಾತ್ರೆಯ ರಾಟೆ ತೊಟ್ಟಿಲನ್ನೂ ಹತ್ತಿದವನಲ್ಲ. ಮಗಳು ಹೋದ ವರ್ಷವೇ ಮಾಡಿಸಿದ ಪಾಸ್‌ಪೋರ್ಟ್ ಬೀರುವಿನಲ್ಲಿದೆ, ಒಂದೂ ಮುದ್ರೆ ಬಿದ್ದಿಲ್ಲ. ಇನ್ನೆರಡು ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ.