ಇಜ್ಮಿರ್‌ನ ಸರ್ಕಾರಿ ಶಾಲೆಗೆ ಮಕ್ಕಳನ್ನು ಸೇರಿಸುವ ಬಗ್ಗೆ

ಬರುವ ಆಗಸ್ಟ್‌ನಲ್ಲಿ ಟರ್ಕಿಯ ಇಜ್ಮಿರ್‌ಗೆ ಬಂದು ನೆಲೆಸಲಿರುವ ದಾವಣಗೆರೆಯ ತಾಯಿಯೊಬ್ಬರು ಕಳೆದ ವಾರ ಫೋನ್ ಮಾಡಿದ್ದರು. ಅವರಿಗೆ ಆರು ವರ್ಷದ ಮಗಳಿದ್ದಾಳೆ. ಅಂತಾರಾಷ್ಟ್ರೀಯ ಶಾಲೆಯ ಶುಲ್ಕವನ್ನು ಅವರ ಪತಿಯ ಕಂಪನಿ ಕೊಡುವುದಿಲ್ಲ, ಸಂಬಳದಲ್ಲೇ ಕಟ್ಟುವುದಾದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. “ಸರ್ಕಾರಿ ಶಾಲೆಯಲ್ಲಿ ಎಲ್ಲವೂ ಟರ್ಕಿಶ್‌ನಲ್ಲೇ ಅಂತೆ, ಮಗು ಏನು ಮಾಡೀತು ಅಕ್ಕಾ?” ಎಂದು ಅವರು ಕೇಳಿದ ದನಿ ಇನ್ನೂ ಕಿವಿಯಲ್ಲಿದೆ, ಏಕೆಂದರೆ 2021ರ ಬೇಸಿಗೆಯಲ್ಲಿ ನಾನೂ ಅದನ್ನೇ ಕಂಡಕಂಡವರನ್ನು ಕೇಳುತ್ತಿದ್ದೆ. ಮಗು ಒಂದನೇ ಅಥವಾ ಎರಡನೇ ತರಗತಿಯ ವಯಸ್ಸಿನದಾಗಿದ್ದು, ನೀವು ಇಲ್ಲಿ ನಾಲ್ಕೈದು ವರ್ಷವಾದರೂ ಇರುವವರಾಗಿದ್ದರೆ, ಊರಿನ ಸರ್ಕಾರಿ ಶಾಲೆಗೇ ಸೇರಿಸಿ ಎಂಬುದು ನನ್ನ ಉತ್ತರ. ದೊಡ್ಡ ಮಕ್ಕಳ ವಿಷಯದಲ್ಲಿ ಹಾಗೆ ಹೇಳುವ ಧೈರ್ಯ ನನಗಿಲ್ಲ, ಅದರ ಕಾರಣವನ್ನೂ ಹೇಳುತ್ತೇನೆ.

ಇಲ್ಲಿಯವರು ಇಕಾಮೆತ್ ಎನ್ನುವ ನಿವಾಸ ಪರವಾನಗಿ ಇದ್ದರೆ ವಿದೇಶಿಯರ ಮಕ್ಕಳಿಗೂ ಸರ್ಕಾರಿ ಶಾಲೆ ಉಚಿತ. ಪಠ್ಯಪುಸ್ತಕಗಳನ್ನು 2003ರಿಂದ ಸರ್ಕಾರವೇ ಹಂಚುತ್ತದೆ. 2012ರ ಕಾಯ್ದೆಯ ಪ್ರಕಾರ ಶಾಲೆಯ ಹನ್ನೆರಡು ವರ್ಷಗಳು ನಾಲ್ಕು ನಾಲ್ಕು ವರ್ಷಗಳ ಮೂರು ಘಟ್ಟಗಳಾಗಿ ಒಡೆದಿವೆ. ಮೊದಲ ಘಟ್ಟದಲ್ಲಿ ಸಾಮಾನ್ಯವಾಗಿ ಒಬ್ಬರೇ ಶಿಕ್ಷಕರು ಒಂದನೇ ತರಗತಿಯಿಂದ ನಾಲ್ಕನೆಯದರವರೆಗೆ ಅದೇ ಮಕ್ಕಳ ಜೊತೆ ನಡೆದು ಬರುತ್ತಾರೆ. ಭಾಷೆ ಬಾರದ ಮಗುವಿನ ಪಾಲಿಗೆ ಇದಕ್ಕಿಂತ ದೊಡ್ಡ ವರ ಇನ್ನೊಂದಿಲ್ಲ. ಒಂದನೇ ತರಗತಿಯ ವಾರದ ಮೂವತ್ತು ಪಾಠಗಳಲ್ಲಿ ಹತ್ತು ಟರ್ಕಿಶ್ ಭಾಷೆಗೇ ಮೀಸಲು. ಅಲ್ಲಿ ಎಲ್ಲ ಮಕ್ಕಳೂ ಅಕ್ಷರ ಕಲಿಯುತ್ತಿರುತ್ತಾರಾದ್ದರಿಂದ ನಮ್ಮ ಮಗು ಓದುಬರಹದಲ್ಲಿ ಅವರ ಸಾಲಿನಲ್ಲೇ ನಿಂತಿರುತ್ತದೆ. ಮೊದಲ ಮೂರು ತರಗತಿಗಳ ಪ್ರಗತಿಪತ್ರದಲ್ಲಿ ಅಂಕಗಳೂ ಇರುವುದಿಲ್ಲ. ‘ಬಹಳ ಚೆನ್ನಾಗಿದೆ’, ‘ಚೆನ್ನಾಗಿದೆ’, ‘ಸುಧಾರಿಸಬೇಕು’ ಎಂಬಷ್ಟೇ ಬರೆದಿರುತ್ತಾರೆ.

ಹಾಗೆಂದು ಅದು ಸುಲಭವಾಗಿತ್ತು ಎಂದು ತಿಳಿಯಬೇಡಿ. ನಾವು ಮೊದಲು ಹೋದ ಶಾಲೆಯ ಕಚೇರಿಯಲ್ಲಿ ನಮ್ಮ ಕಾಗದಗಳನ್ನು ಬಿಡಿಸಿಯೂ ನೋಡದೆ ಜಾಗವಿಲ್ಲ ಎಂದರು. ಮನೆ ಬದಲಿಸಿದ ಮೇಲೆ ಇಜ್ಮಿರ್‌ನದೇ ಭಾಗವಾದ ಬೋರ್ನೊವಾದ ಇನ್ನೊಂದು ಶಾಲೆಯಲ್ಲಿ ದಾಖಲಾತಿ ಆಯಿತು. ಎಲ್ಲರೂ ಮಾಸ್ಕ್ ಹಾಕಿಕೊಂಡು ಕೂರುತ್ತಿದ್ದ ವರ್ಷ ಅದು. ತುಟಿ ಕಾಣದ ಶಿಕ್ಷಕಿಯಿಂದ ಹೊಸ ಭಾಷೆ ಕಲಿಯಬೇಕಾದ ನನ್ನ ಮಗಳು ಸೆಪ್ಟೆಂಬರ್‌ನಿಂದ ಹೊಸ ವರ್ಷದವರೆಗೆ ತರಗತಿಯಲ್ಲಿ ಒಂದು ಮಾತನ್ನೂ ಆಡಲಿಲ್ಲ. ಹೊಸ ಭಾಷೆಯ ನಡುವೆ ಬಿದ್ದ ಚಿಕ್ಕ ಮಕ್ಕಳು ಹೀಗೆ ತಿಂಗಳುಗಟ್ಟಲೆ ಮೌನವಾಗಿ ಕೇಳಿಸಿಕೊಳ್ಳುವುದು ಸಾಮಾನ್ಯವೆಂದು ಈಗ ನನಗೆ ತಿಳಿದಿದೆ. ಆಗ ತಿಳಿದಿರಲಿಲ್ಲ, ಮಗುವಿನ ಬಾಯಿ ಕಟ್ಟಿಹಾಕಿದೆನಲ್ಲಾ ಎಂದು ರಾತ್ರಿಗಳಲ್ಲಿ ಅತ್ತಿದ್ದೇನೆ. ಅವಳ ಶಿಕ್ಷಕಿ ಮಾತ್ರ ಒಂದು ದಿನವೂ ಅವಳನ್ನು ಎಬ್ಬಿಸಿ ನಿಲ್ಲಿಸಲಿಲ್ಲ, ಎಲ್ಲರೆದುರು ಕೇಳಲಿಲ್ಲ. ಜನವರಿಯ ಒಂದು ಬೆಳಗ್ಗೆ ಮಗಳು ತಾನಾಗಿಯೇ “ಓರೆತ್ಮೆನಿಮ್” ಎಂದು ಕರೆದು ಪೆನ್ಸಿಲ್ ಮುರಿದಿದೆ ಎಂದಳಂತೆ. ‘ನನ್ನ ಶಿಕ್ಷಕಿ’ ಎಂಬ ಅರ್ಥದ ಆ ಕರೆಯನ್ನು ಇಲ್ಲಿನ ಪ್ರತಿ ಮಗುವೂ ದಿನಕ್ಕೆ ಹತ್ತು ಬಾರಿ ಹೇಳುತ್ತದೆ. ಅಂದು ಸಂಜೆ ಆ ಶಿಕ್ಷಕಿ ಗೇಟಿನವರೆಗೆ ಬಂದು ನನಗೆ ಅದನ್ನು ತಿಳಿಸುವಾಗ ಅವರ ಕಣ್ಣು ತುಂಬಿತ್ತು.

ಇನ್ನು, ಕನ್ನಡದ ಮಗುವಿಗೆ ಟರ್ಕಿಶ್ ಎಷ್ಟು ಹತ್ತಿರದ್ದು ಎಂಬುದನ್ನು ನಮ್ಮವರಲ್ಲಿ ಯಾರೂ ಮುಂಚಿತವಾಗಿ ಹೇಳಲಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ. ಎರಡೂ ಭಾಷೆಗಳಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಎರಡರಲ್ಲೂ ಪದದ ಕೊನೆಗೆ ಒಂದರ ಮೇಲೊಂದು ಪ್ರತ್ಯಯ ಸೇರುತ್ತದೆ. ‘ಎವ್’ ಎಂದರೆ ಮನೆ, ‘ಎವ್ಲೆರ್’ ಮನೆಗಳು, ‘ಎವ್ಲೆರ್ದೆ’ ಮನೆಗಳಲ್ಲಿ. ನಾವು ‘ಪುಸ್ತಕ ಗಿಸ್ತಕ’ ಎನ್ನುವ ಹಾಗೆಯೇ ಅವರು ‘ಕಿತಾಪ್ ಮಿತಾಪ್’ ಎನ್ನುತ್ತಾರೆ. ಕಣ್ಣಾರೆ ಕಂಡದ್ದನ್ನು ‘ಗೆಲ್ದಿ’, ಅಂದರೆ ಬಂದನು ಎಂದೂ, ಬೇರೆಯವರಿಂದ ಕೇಳಿ ತಿಳಿದದ್ದನ್ನು ‘ಗೆಲ್ಮಿಶ್’, ಅಂದರೆ ಬಂದನಂತೆ ಎಂದೂ ಹೇಳುತ್ತಾರೆ. ಇಂಗ್ಲಿಷ್ ಮಾತ್ರ ಬಲ್ಲ ಹಿರಿಯರು ಈ ‘ಮಿಶ್’ ಪ್ರತ್ಯಯದ ಮುಂದೆ ವರ್ಷಗಟ್ಟಲೆ ಒದ್ದಾಡುವುದನ್ನು ಇಲ್ಲಿನ ಭಾಷಾ ತರಗತಿಯಲ್ಲಿ ನಾನೇ ನೋಡಿದ್ದೇನೆ, ನನ್ನ ಮಗಳಿಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ. ಮನೆಯಲ್ಲಿ ‘ಅಂತೆ’ ಕೇಳಿ ಬೆಳೆದವಳಿಗೆ ಆ ಜಾಗ ಮೊದಲೇ ಸಿದ್ಧವಾಗಿತ್ತೆಂದು ನನ್ನ ಊಹೆ. ಬೀದಿಯ ಸಂಬೋಧನೆಗಳಂತೂ ನಮ್ಮವೇ ಎನಿಸುತ್ತವೆ. ತನಗಿಂತ ದೊಡ್ಡ ಹುಡುಗಿ ‘ಅಬ್ಲಾ’, ದೊಡ್ಡ ಹುಡುಗ ‘ಆಬಿ’, ತಾಯಿಯ ವಯಸ್ಸಿನವರೆಲ್ಲ ‘ತೇಯ್ಜೆ’, ಅಂದರೆ ಅಮ್ಮನ ಅಕ್ಕತಂಗಿಯರು. ಆದ್ದರಿಂದ ಮನೆಯಲ್ಲಿ ಕನ್ನಡವನ್ನು ಬಿಟ್ಟು ಇಂಗ್ಲಿಷ್ ಶುರುಮಾಡಿದರೆ ಮಗುವಿಗೆ ಅನುಕೂಲವಾದೀತೆಂದು ನಂಬುವವರನ್ನು ಕೈಮುಗಿದು ಬೇಡುತ್ತೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಮಗನ ಕಥೆ ಬೇರೆ. ಬರುವಾಗ ಅವನಿಗೆ ಹನ್ನೊಂದು ವರ್ಷ, ಸೇರಿದ್ದು ಆರನೇ ತರಗತಿ. ಅಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, ನಲವತ್ತು ನಿಮಿಷದ ಪಾಠ ಮುಗಿದರೆ ಅವರು ಮುಂದಿನ ತರಗತಿಗೆ ಹೋಗುತ್ತಾರೆ, ಒಂಟಿ ವಿದೇಶಿ ಹುಡುಗನ ಪಕ್ಕ ಕೂರಲು ಯಾರಿಗೂ ಸಮಯವಿಲ್ಲ. ಸಿರಿಯಾದಿಂದ ಬಂದ ಮಕ್ಕಳಿಗಾಗಿ ಐರೋಪ್ಯ ಒಕ್ಕೂಟದ ಹಣದ ನೆರವಿನಲ್ಲಿ 2016ರಿಂದ ಟರ್ಕಿಶ್ ಕಲಿಸುವ ದೊಡ್ಡ ಯೋಜನೆಯೊಂದು ನಡೆದಿದೆ, ಆದರೆ ನಮ್ಮ ಶಾಲೆಯಲ್ಲಿ ಅಂಥ ತರಗತಿ ಇರಲಿಲ್ಲ. ಲೆಕ್ಕದಲ್ಲಿ ಮುಂದಿದ್ದ ಹುಡುಗ ವಾಕ್ಯರೂಪದ ಲೆಕ್ಕಗಳು ಬಂದಾಗ ಪುಸ್ತಕ ಮುಚ್ಚತೊಡಗಿದ. ಎಂಟನೇ ತರಗತಿಯ ಕೊನೆಗೆ ಒಳ್ಳೆಯ ಪ್ರೌಢಶಾಲೆಗಳಿಗೆ ಸೇರಲು ದೇಶವ್ಯಾಪಿ ಪರೀಕ್ಷೆ ಇರುವುದರಿಂದ ಏಳನೆಯ ತರಗತಿಯಿಂದಲೇ ಎಲ್ಲರೂ ಓಟಕ್ಕೆ ನಿಂತಿರುತ್ತಾರೆ. “ಗೊತ್ತಿರೋದನ್ನ ಹೇಳೋಕೆ ನನ್ನ ಹತ್ತಿರ ಮಾತೇ ಇಲ್ಲ ಅಮ್ಮ” ಎಂದು ಅವನು ಹೇಳಿದ ದಿನ ನಾವು ಸೋತೆವು. ಸಾಲ ಮಾಡಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದೆವು. ತಂಗಿಗೆ ಸರಿಯಾದದ್ದು ಅಣ್ಣನಿಗೂ ಸರಿಹೋಗುತ್ತದೆ ಎಂದುಕೊಂಡದ್ದು ನಮ್ಮ ತಪ್ಪು. ಅವನ ಎರಡು ವರ್ಷಗಳನ್ನು ನಾವು ಮರಳಿ ಕೊಡಲಾರೆವು. ಹತ್ತು ವರ್ಷ ದಾಟಿದ ಮಕ್ಕಳನ್ನು, ಬರುವುದಕ್ಕೆ ಒಂದು ವರ್ಷ ಮುಂಚಿನಿಂದಲೇ ಟರ್ಕಿಶ್ ಕಲಿಸಿರದಿದ್ದರೆ, ಇಲ್ಲಿನ ಸರ್ಕಾರಿ ಶಾಲೆಗಳಿಗೆ ಸೇರಿಸಬೇಡಿ ಎಂದೇ ಹೇಳುತ್ತೇನೆ.

ಇಂಗ್ಲಿಷ್ ಹಿಂದೆ ಬೀಳುತ್ತದೆಯೇ ಎಂದರೆ, ಹೌದು, ಬೀಳುತ್ತದೆ. ಎರಡನೇ ತರಗತಿಯಿಂದ ವಾರಕ್ಕೆ ಎರಡು ಪಾಠ ಅಷ್ಟೆ. ಲಿಪಿ ಒಂದೇ ಆದರೂ ಉಚ್ಚಾರ ಬೇರೆ. ಇಂಗ್ಲಿಷಿನ ಸಿ ಅಕ್ಷರಕ್ಕೆ ಟರ್ಕಿಶ್‌ನಲ್ಲಿ ಜಕಾರದ ಧ್ವನಿಯಾದ್ದರಿಂದ ಇಂಗ್ಲಿಷ್ ನಕ್ಷೆಯಲ್ಲಿದ್ದ ಕಾವೇರಿಯನ್ನು ನನ್ನ ಮಗಳು ಮೊದಲು ಜಾವೇರಿ ಎಂದು ಓದಿದಳು. ಸಂಜೆ ಅರ್ಧ ಗಂಟೆ ಜೊತೆಗೆ ಕೂತು ಓದಿಸಿದ್ದರಿಂದ ಅದು ಸರಿಹೋಗಿದೆ. ನಾಲ್ಕನೇ ತರಗತಿಯಿಂದ ಧರ್ಮ ಮತ್ತು ನೈತಿಕತೆಯ ಪಾಠ ಕಡ್ಡಾಯ ವಿಷಯವಾಗುತ್ತದೆ. ಆ ವಿಷಯದಲ್ಲಿ ನಿಮ್ಮ ನಿಲುವೇನೆಂದು ದಾಖಲಾತಿಯ ದಿನವೇ ಶಾಲೆಯೊಂದಿಗೆ ಮಾತನಾಡಿಕೊಳ್ಳಿ.

ನಮ್ಮ ಬಂಧುಗಳಲ್ಲಿ ಕೆಲವರು, ನಾಳೆ ಬಿಟ್ಟುಬರುವ ದೇಶದ ಭಾಷೆ ಮಗುವಿಗೇಕೆ ಎಂದು ಈಗಲೂ ಕೇಳುತ್ತಾರೆ. ಬೆಂಗಳೂರಿಗೆ ಕೆಲಸಕ್ಕೆ ಬಂದವರು ಹತ್ತು ವರ್ಷವಾದರೂ ಕನ್ನಡ ಕಲಿಯಲಿಲ್ಲ ಎಂದು ನೋಯುವವರೂ ಇವರೇ. ಕರ್ನಾಟಕದ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯ ಮಾಡುವ 2015ರ ಕಾಯ್ದೆಯನ್ನು ನಾನೂ ಮನಸಾರೆ ಸ್ವಾಗತಿಸಿದವಳು. ನನ್ನ ಊರಿಗೆ ಬಂದವರ ಮಕ್ಕಳು ನನ್ನ ಭಾಷೆ ಕಲಿಯಲಿ ಎಂದು ಬಯಸುವ ನಾನು, ಇನ್ನೊಬ್ಬರ ಊರಿನಲ್ಲಿ ನನ್ನ ಮಕ್ಕಳನ್ನು ಅವರ ಭಾಷೆಯಿಂದ ದೂರ ಇಟ್ಟು ಬೆಳೆಸಿದರೆ ಆ ಬಯಕೆಗೆ ಏನು ಬೆಲೆ? ನವೆಂಬರ್ 10ರ ಬೆಳಗ್ಗೆ 9 ಗಂಟೆ 5 ನಿಮಿಷಕ್ಕೆ, ಟರ್ಕಿ ಗಣರಾಜ್ಯದ ಸ್ಥಾಪಕ ಅತಾತುರ್ಕ್ ತೀರಿಕೊಂಡ ಗಳಿಗೆಯಲ್ಲಿ, ಸೈರನ್ ಮೊಳಗಿ ಇಡೀ ನಗರ ನಿಂತಲ್ಲೇ ನಿಲ್ಲುತ್ತದೆ. ಕಳೆದ ಬಾರಿ ರಸ್ತೆ ದಾಟಲು ಹೊರಟಿದ್ದ ನನ್ನ ಕೈಯನ್ನು ಹಿಡಿದು ನಿಲ್ಲಿಸಿದವಳು ಮಗಳೇ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅವಳ ತಲೆ ನೇವರಿಸಿ “ನೀನು ಯಾರ ಮಗಳು?” ಎಂದು ಕೇಳಿದರು. ಯಾವ ದೇಶದವಳು ಎಂದು ಅವರು ಕೇಳಲಿಲ್ಲ.

ದಾವಣಗೆರೆಯ ಆ ತಂಗಿಗೆ ಒಂದು ಮುಖ್ಯ ಮಾತು. ಇಲ್ಲಿ ಸರ್ಕಾರಿ ಶಾಲೆಯನ್ನು ನಿರ್ಧರಿಸುವುದು ನಿಮ್ಮ ಮನೆಯ ನೋಂದಾಯಿತ ವಿಳಾಸ. ಆದ್ದರಿಂದ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಆ ವಿಳಾಸಕ್ಕೆ ಯಾವ ಶಾಲೆ ಬರುತ್ತದೆ ಎಂದು ಕೇಳಿಕೊಳ್ಳಿ, ಅಲ್ಲಿಗೆ ಹೋಗಿ ಈ ವರ್ಷ ಒಂದನೇ ತರಗತಿ ತೆಗೆದುಕೊಳ್ಳುವ ಶಿಕ್ಷಕರು ಯಾರೆಂದು ವಿಚಾರಿಸಿ, ಸಾಧ್ಯವಾದರೆ ಅವರೊಂದಿಗೆ ಹತ್ತು ನಿಮಿಷ ಕೂತು ಮಾತನಾಡಿ. ಭಾಷೆಯ ಚಿಂತೆ ಬೇಡ, ನಾನು ಜೊತೆಗೆ ಬರುತ್ತೇನೆ.