ಮಂಗ ಸಾಯುತ್ತದೆ, ಬಾವಲಿ ಸಾಯುವುದಿಲ್ಲ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ತೋಟ. ಅಡಿಕೆ ಹಣ್ಣಾಯಿತೆಂದರೆ ರಾತ್ರಿ ಬಾವಲಿಗಳು ಬಂದು ಸಿಪ್ಪೆಯ ರಸ ಹೀರಿ ಅಡಿಕೆಯನ್ನು ಕೆಳಗೆ ಉದುರಿಸಿ ಹೋಗುತ್ತವೆ. ಬೆಳಗ್ಗೆ ಬುಟ್ಟಿ ಹಿಡಿದು ಆ ಬಾವಲಿ ಅಡಿಕೆ ಹೆಕ್ಕುವುದು ಎಪ್ಪತ್ತು ದಾಟಿದ ಅಮ್ಮನಿಗೆ ಇವತ್ತಿಗೂ ಬಿಡದ ಅಭ್ಯಾಸ. ನಾವು ಸಣ್ಣವರಿದ್ದಾಗ ಅದನ್ನು ಮಾರಿದ ದುಡ್ಡೇ ನಮ್ಮ ಜಾತ್ರೆಯ ಖರ್ಚಿಗೆ.

2023ರ ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆ ಕಡೆ ಬಾವಲಿಯಿಂದ ಮನುಷ್ಯರಿಗೆ ಬರುವ ನಿಫಾ ರೋಗ ಮತ್ತೆ ಕಾಣಿಸಿಕೊಂಡು ಇಬ್ಬರು ತೀರಿಕೊಂಡರು. ಆಗ ನಮ್ಮ ಮನೆಗೂ ಒಂದು ಎಚ್ಚರಿಕೆಯ ಚೀಟಿ ಬಂತು, ಮಲಯಾಳದಲ್ಲಿ. ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಚೀಟಿಯನ್ನು ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, ಬುಟ್ಟಿ ಎತ್ತಿಕೊಂಡು ತೋಟಕ್ಕೆ ಹೋದಳು. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ ಎಂದೇ ಅದರಲ್ಲಿ ಬರೆದಿತ್ತು.

ನಮ್ಮನ್ನು ಹೊರನಾಡ ಕನ್ನಡಿಗರು ಅನ್ನುತ್ತಾರೆ. ನಾವು ಎಲ್ಲಿಗೂ ಹೊರಟು ಹೋದವರಲ್ಲ. 1956ರಲ್ಲಿ ಗಡಿಯೇ ನಮ್ಮನ್ನು ದಾಟಿ ಆಚೆ ಹೋಯಿತು. ಆದರೆ ಇಲ್ಲಿ ಕೂತವನಿಗೆ ಎರಡೂ ರಾಜ್ಯಗಳ ರೀತಿ ಕಾಣುತ್ತದೆ, ಅದೊಂದು ಲಾಭ.

ಅಕ್ಕನನ್ನು ತೀರ್ಥಹಳ್ಳಿ ಕಡೆ ಕೊಟ್ಟಿದ್ದೇವೆ. ಅಲ್ಲಿನ ಭಯ ಮಂಗನ ಕಾಯಿಲೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಗೊತ್ತಾದ ವೈರಸ್ ಅದು. ನಾವು ಉಣ್ಣಿ ಅನ್ನುವುದನ್ನು ಅವರು ಉಣುಗು ಅನ್ನುತ್ತಾರೆ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗುಗಳು ಉದುರಿ ತರಗೆಲೆಯಲ್ಲಿ ಬೇರೆ ಮೈಗಾಗಿ ಕಾಯುತ್ತವೆ. ಸೊಪ್ಪು ಸೌದೆಗೆ ಹೋದವರಿಗೆ ಕಚ್ಚಿದರೆ ಜ್ವರ. ಒಂದು ಸಮಾಧಾನವೆಂದರೆ ಮನುಷ್ಯನಿಂದ ಮನುಷ್ಯನಿಗೆ ಅದು ಹಬ್ಬುವುದಿಲ್ಲ. "ಮಂಗ ಬಿದ್ದಿದೆ ಅಂತ ಸುದ್ದಿ ಬಂದ್ರೆ ಆ ಕಡೆ ದನ ಬಿಡೋದಿಲ್ಲ ಮಾರಾಯ" ಎಂದು ಭಾವ ಹೇಳುತ್ತಾರೆ. ಸುದ್ದಿ ಆರೋಗ್ಯ ಇಲಾಖೆಗೆ ಹೋಗುತ್ತದೆ, ಆ ಜಾಗಕ್ಕೆ ಔಷಧಿ ಹೊಡೆಯುತ್ತಾರೆ, ಕಾಡಿಗೆ ಹೋಗುವವರಿಗೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಕೊಡುತ್ತಾರೆ. ಅಲ್ಲಿ ಎಲ್ಲರೂ ಕಾಡನ್ನು ನೋಡುತ್ತಿರುತ್ತಾರೆ.

ಇಲ್ಲಿ ಕೇರಳದಲ್ಲಿ ಎಲ್ಲರೂ ಮನುಷ್ಯರನ್ನು ನೋಡುತ್ತಾರೆ. ರೋಗಿ ಯಾವ ದಿನ ಯಾವ ಬಸ್ಸು ಹತ್ತಿದ, ಯಾವ ಅಂಗಡಿಯಲ್ಲಿ ಚಹಾ ಕುಡಿದ ಎಂದು ಗಂಟೆಗಂಟೆಯ ರೂಟ್ ಮ್ಯಾಪ್ ಹೊರಡಿಸುತ್ತಾರೆ. ಹತ್ತಿರ ಸುಳಿದವರಿಗೆ 21 ದಿನ ಕ್ವಾರಂಟೈನ್. ಇದಕ್ಕೆ ಕಾರಣ ಬಾವಲಿಯ ಮೈಯಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ನಿಫಾ ವೈರಸ್ ದೊಡ್ಡ ಹಣ್ಣುಬಾವಲಿಯ ಮೈಯಲ್ಲಿ ಅದಕ್ಕೇನೂ ಮಾಡದೆ ಇರುತ್ತದೆ. ಜೊಲ್ಲಿನಲ್ಲಿ, ಮೂತ್ರದಲ್ಲಿ ಆಗಾಗ ಹೊರಬೀಳುತ್ತದೆ. ಮಂಗ ಸತ್ತು ಸುಳಿವು ಕೊಡುತ್ತದೆ, ಬಾವಲಿ ಕೊಡುವುದಿಲ್ಲ. ಮೊದಲ ಸುಳಿವು ಒಬ್ಬ ಮನುಷ್ಯನ ಜ್ವರವೇ. ಅದು ಮನುಷ್ಯರಲ್ಲೂ ಹರಡುತ್ತದೆ. 2018ರ ಮೇ ತಿಂಗಳಲ್ಲಿ ಕಲ್ಲಿಕೋಟೆ ಕಡೆ 17 ಜನ ಸತ್ತರಲ್ಲ, ಅವರಲ್ಲಿ ಹೆಚ್ಚಿನವರಿಗೆ ಅದು ತಗಲಿದ್ದು ಆಸ್ಪತ್ರೆಯಲ್ಲಿ, ಕೆಮ್ಮುತ್ತಿದ್ದ ರೋಗಿಯ ಹತ್ತಿರ ಇದ್ದು. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಮೊದಲ ರೋಗಿಯ ಆರೈಕೆ ಮಾಡಿದ ನರ್ಸ್ ಲಿನಿ ಕೂಡ ಹಾಗೆಯೇ ಹೋದರು. ಅವರನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಆ ಸಲ ರೋಗದ ಹೆಸರು ಗೊತ್ತಾದದ್ದು ಎಲ್ಲಿ? ಮಣಿಪಾಲದಲ್ಲಿ. ಆ ಮೊದಲ ರೋಗಿ ಸತ್ತು ಎರಡು ವಾರದೊಳಗೆ ಅದೇ ಮನೆಯ ಇನ್ನೊಬ್ಬ ಮಗನಿಗೂ ಮೆದುಳಿನ ಜ್ವರ ಬಂದಾಗ ಕಲ್ಲಿಕೋಟೆಯ ವೈದ್ಯರಿಗೆ ಅನುಮಾನ ಬಂತು. ಮಾದರಿಗಳನ್ನು ಮಣಿಪಾಲದ ವೈರಸ್ ಪ್ರಯೋಗಾಲಯಕ್ಕೆ ಕಳಿಸಿದರು, ಆಮೇಲೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯೂ ಖಚಿತಪಡಿಸಿತು. ಕೇರಳದ ಕಣ್ಣು, ಕರ್ನಾಟಕದ ಪ್ರಯೋಗಾಲಯ, ನಡುವೆ ನಮ್ಮ ಜಿಲ್ಲೆ. ಎರಡೇ ವರ್ಷ ಕಳೆದು, 2020ರ ಮಾರ್ಚ್ ಕೊನೆಗೆ, ಕೊರೊನಾ ಹೆದರಿಕೆಯಲ್ಲಿ ಕರ್ನಾಟಕ ತಲಪಾಡಿಯ ಗಡಿಯನ್ನು ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮಂಜೇಶ್ವರ ಕಡೆಯ ಕೆಲವರು ಚಿಕಿತ್ಸೆ ಸಿಗದೆ ಜೀವ ಬಿಟ್ಟರು. ಆ ಮಣ್ಣಿನ ರಾಶಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮರೆಯಲಾರೆ. ಬಾವಲಿ ಅದರ ಮೇಲಿಂದ ದಿನಾ ಹಾರಿಹೋಗುತ್ತಿತ್ತು.

ಮಂಗನ ಕಾಯಿಲೆಯೂ ಈಗ ಮಲೆನಾಡಿನದು ಮಾತ್ರವಲ್ಲ. ವಯನಾಡಿನಲ್ಲಿ, ಗೋವಾದಲ್ಲಿ, ಸಿಂಧುದುರ್ಗದಲ್ಲಿ ಕಾಣಿಸಿಕೊಂಡಿದೆ. ಹಾಗಾಗಿ ಎರಡೂ ರೀತಿಗಳು ನಮಗೆ ಬೇಕು, ಅವು ನಮ್ಮ ಭಾಷೆಯಲ್ಲಿ ಬೇಕು. ಕನ್ನಡದ ಚೀಟಿ ಕೇಳಿದರೆ ಅದನ್ನು ಭಾಷೆಯ ಜಗಳ ಎಂದುಕೊಳ್ಳುತ್ತಾರೆ. ಜಗಳಕ್ಕಲ್ಲ, ಅಮ್ಮನ ಕೈಗಾಗಿ ಕೇಳುತ್ತಿದ್ದೇನೆ.

ಬಾವಲಿಗಳಿರುವ ಮರ ಕಡಿಯಿರಿ, ಪಟಾಕಿ ಹೊಡೆಯಿರಿ ಎನ್ನುವವರೂ ಊರಲ್ಲಿದ್ದಾರೆ. ಅದಂತೂ ಕೂಡದು. ಗಾಬರಿಬಿದ್ದು ಚದುರಿದ ಬಾವಲಿಯಿಂದ ವೈರಸ್ ಹೊರಬೀಳುವುದು ಹೆಚ್ಚಬಹುದು. ಕಾಡುಮರಗಳ ಬೀಜ ಹರಡುವುದೂ ಅದೇ ಬಾವಲಿ.

ಕೊನೆಗೆ ಚೀಟಿಯನ್ನು ನಾನೇ ದಪ್ಪ ಅಕ್ಷರದಲ್ಲಿ ಕನ್ನಡಕ್ಕಿಳಿಸಿ ಅಡಿಕೆ ಕೊಟ್ಟಿಗೆಯ ಬಾಗಿಲಿಗೆ ಅಂಟಿಸಿದೆ. ಮರುದಿನ ನೋಡಿದರೆ ಅಮ್ಮ ಕನ್ನಡಕ ಏರಿಸಿ ಅದನ್ನು ಓದುತ್ತಾ, ಕೆಲಸಕ್ಕೆ ಬರುವ ಕಮಲಕ್ಕನಿಗೆ ಸಾಲು ಸಾಲಾಗಿ ತುಳುವಿನಲ್ಲಿ ಹೇಳುತ್ತಿದ್ದಳು. ಬುಟ್ಟಿಯ ಪಕ್ಕದಲ್ಲಿ ರಬ್ಬರಿನ ಕೈಗವಸು ಎರಡು ಜೊತೆ ಇತ್ತು.